ನಸೀಮಾಳಿಗೆ ನಾನು ಬರೆದುಕೊಟ್ಟ ಐಸ್‌ಲ್ಯಾಂಡಿಕ್

ಕಳೆದ ಜನವರಿಯ ಒಂದು ಬೆಳಿಗ್ಗೆ ನೇಪರ್‌ವಿಲ್‌ನಿಂದ ಆಫೀಸಿಗೆ ಹೊರಟಿದ್ದೆ. ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ. ಪಕ್ಕದ ಸೀಟಿನಲ್ಲಿ ನನ್ನ ಜೊತೆ ಕೆಲಸ ಮಾಡುವ ವಸುಧಾ ಕೂತಿದ್ದಳು. ಬೆಳಗಿನ ತಿಂಡಿ ತಿಂದಿರಲಿಲ್ಲವಂತೆ, ಬ್ಯಾಗಿನಿಂದ ಕಿತ್ತಳೆ ಹಣ್ಣು ತೆಗೆದು ಸುಲಿದಳು. ಸಿಪ್ಪೆ ಎಲ್ಲಿ ಹಾಕುವುದೆಂದು ತೋಚದೆ ಹೀಟರಿನ ಬಿಸಿಗಾಳಿ ಬರುವ ಜಾಗದ ಮೇಲೆ ಇಟ್ಟಳು. ಅರ್ಧ ನಿಮಿಷಕ್ಕೆ ಕಾರೆಲ್ಲ ಕಾದ ಸಿಪ್ಪೆಯ ವಾಸನೆ.

"ಅದನ್ನ ತೆಗಿ ವಸುಧಾ. ಕಿಟಕಿ ಇಳ್ಸಿ ಆಚೆ ಎಸಿ" ಎಂದೆ.

"ಯಾಕ್ರೀ, ಅಲರ್ಜಿನಾ?"

"ಹೂಂ, ಅಲರ್ಜಿ."

ಸುಳ್ಳು ಹೇಳುವುದು ನನಗೆ ಯಾವಾಗಲೂ ಸುಲಭ. ಕಿತ್ತಳೆಯ ಅಲರ್ಜಿ ನನಗಿಲ್ಲ. ನನಗಿರುವುದು ೧೯೯೯ರ ಚಳಿಗಾಲದ ಅಲರ್ಜಿ. ಹತ್ತು ವರ್ಷವಾಗುತ್ತಾ ಬಂತು, ಇನ್ನೂ ವಾಸಿಯಾಗಿಲ್ಲ. ಆಗಬಾರದು ಕೂಡ.

ಆಗ ನಾನು ಆನ್ ಆರ್ಬರ್‌ನ ಒಂದು ಲ್ಯಾಬಿನಲ್ಲಿದ್ದೆ. ವಂಶಪಾರಂಪರ್ಯವಾಗಿ ಬರುವ ಹೃದಯದ ಕಾಯಿಲೆಗಳ ಸಂಶೋಧನೆ. ವಾಸ ಟ್ರಾಯ್‌ನಲ್ಲಿ, ಅಣ್ಣನ ಮನೆಯಲ್ಲಿ. ದಿನಕ್ಕೆ ಹೋಗಲು ಐವತ್ತು ಮೈಲಿ, ಬರಲು ಐವತ್ತು ಮೈಲಿ. ಅದೇ ಲ್ಯಾಬಿಗೆ ಆ ವರ್ಷ ಗದಗಿನಿಂದ ನಸೀಮಾ ಬಂದಳು. ಟ್ರಾಯ್‌ನಲ್ಲೇ ಅವರ ಊರಿನ ಒಂದು ಕುಟುಂಬದ ಬೇಸ್‌ಮೆಂಟಿನಲ್ಲಿ ಇಳಿದುಕೊಂಡಳು. ಅವಳಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ನನಗೆ ಕನ್ನಡ ಮಾತಾಡುವ ಜೊತೆ ಬೇಕಿತ್ತು. ಹಾಗೆ ದಿನಾ ಬೆಳಿಗ್ಗೆ ಆರೂವರೆಗೆ ಅವಳ ಮನೆಯ ಮುಂದೆ ಕಾರು ನಿಲ್ಲಿಸುವುದು ಶುರುವಾಯಿತು. ನನ್ನದು ಹಳೇ ಕಾರು, ಹೀಟರ್ ಹಾಕಿದರೆ ಸುಟ್ಟ ಧೂಳಿನ ನಾತ. ಎರಡನೇ ದಿನವೇ ನಸೀಮಾ ಕಿತ್ತಳೆ ಸುಲಿದು ಸಿಪ್ಪೆಯನ್ನು ಹೀಟರಿನ ಗಾಳಿ ಬರುವ ಕಡೆ ಇಟ್ಟಳು. "ನಮ್ಮವ್ವ ಒಲಿ ಮ್ಯಾಲ ಇಡ್ತಿದ್ಳು. ಈಗ ನೋಡ, ಕಾರು ಮನಿ ಆತು" ಎಂದಳು.

ಅವಳ ಕತೆಯನ್ನು ಅವಳೇ ಹೇಳಿದಳು, ಅಳದೆ, ರಸ್ತೆ ನೋಡುತ್ತಾ. ಗಂಡ ಮೂರು ವರ್ಷದ ಹಿಂದೆ ಸ್ಕೂಟರ್ ಅಪಘಾತದಲ್ಲಿ ತೀರಿಕೊಂಡಿದ್ದ. ಐದು ವರ್ಷದ ಮಗಳು ರೇಷ್ಮಾ ಅತ್ತೆ ಮಾವನ ಹತ್ತಿರ. ಅವರು ಒಂದೇ ಮಾತು ಹೇಳಿದ್ದರು: ನಿನಗೊಂದು ನೆಲೆಯಾದ ಕೆಲಸ, ಸ್ವಂತ ಮನೆ ಆದರೆ ಮಗುವನ್ನು ಕರೆದುಕೊಂಡು ಹೋಗು. ಇಲ್ಲವಾದರೆ ನೀನು ತವರಿಗೆ ಹೋಗು, ಮಗನ ಮಗು ನಮ್ಮ ಮನೆಯಲ್ಲೇ ಬೆಳೆಯುತ್ತದೆ. ಅವಳ ವೀಸಾ ಜೂನ್‌ಗೆ ಮುಗಿಯುತ್ತಿತ್ತು. ಮಗುವಿನ ವೀಸಾ ಎರಡು ಸಲ ತಿರಸ್ಕೃತವಾಗಿತ್ತು. ಪ್ರತಿ ಭಾನುವಾರ ಫೋನ್ ಕಾರ್ಡಿನ ನಂಬರು ಕೆರೆದು ಮಗಳ ಜೊತೆ ಮಾತಾಡುತ್ತಿದ್ದಳು. "ಈಗೀಗ ಅಜ್ಜಿನ್ನ ಅಮ್ಮಿ ಅಂತಾಳ. ನನಗ ನಸೀಮಾ ಅಂತಾಳ" ಎಂದು ನಕ್ಕಳು.

ಅಕ್ಟೋಬರ್‌ನಲ್ಲಿ ಲ್ಯಾಬಿನ ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆದು ಒಂದು ಸುದ್ದಿ ಹೇಳಿದರು. ಐಸ್‌ಲ್ಯಾಂಡಿನ ಒಂದು ಆಸ್ಪತ್ರೆಯ ಜೊತೆ ಸೇರಿ ಕೆಲಸ ಶುರುವಾಗುತ್ತದೆ. ಇಲ್ಲಿಂದ ಒಬ್ಬರು ಎರಡು ವರ್ಷ ಅಲ್ಲಿಗೆ ಹೋಗಬೇಕು, ಹಳ್ಳಿಗಳಲ್ಲಿ ಮುದುಕರನ್ನು ಕಂಡು ಮನೆತನದ ಕಾಯಿಲೆಗಳ ವಿವರ ಕೇಳಿ ಬರೆದುಕೊಳ್ಳಬೇಕು. ಆಮೇಲೆ ಅಲ್ಲೇ ಕಾಯಂ ಆಗುವ ಸಾಧ್ಯತೆಯೂ ಇದೆ. ಮನೆ ಕೊಡುತ್ತಾರೆ, ಮಕ್ಕಳಿದ್ದರೆ ಕರೆದುಕೊಂಡು ಹೋಗಬಹುದು. ಆದರೆ ಆ ಭಾಷೆ ಸ್ವಲ್ಪವಾದರೂ ಮಾತಾಡಲು ಬರಬೇಕು. ಏಪ್ರಿಲ್‌ನಲ್ಲಿ ಅಲ್ಲಿನ ಡಾಕ್ಟರುಗಳು ಬಂದು ಪರೀಕ್ಷೆ ಮಾಡುತ್ತಾರೆ. ನಾವಿಬ್ಬರೇ ಅಭ್ಯರ್ಥಿಗಳು.

ನಸೀಮಾ ಅಲ್ಲೇ ಬೆರಳು ಮಡಿಚಿ ಏಪ್ರಿಲ್‌ಗೆ ಎಷ್ಟು ತಿಂಗಳೆಂದು ಎಣಿಸಿದಳು. ನಾನು ಎಣಿಸಲಿಲ್ಲ. ನನಗೆ ಆ ಕೆಲಸ ಸಿಗದಿದ್ದರೆ ಅಣ್ಣನ ಮನೆಯಿತ್ತು, ಅಣ್ಣನ ಕಂಪನಿಯಲ್ಲೇ ಏನಾದರೊಂದು ಹುಡುಕಿಕೊಡುತ್ತೇನೆಂದು ಅವನು ಹೇಳಿಯೂ ಇದ್ದ. ಇದನ್ನು ಇಲ್ಲೇ ಬರೆದಿಡುತ್ತೇನೆ. ಆಮೇಲೆ ಯಾರೂ ನನ್ನ ಪರವಾಗಿ ನೆವ ಹುಡುಕುವುದು ಬೇಡ.

ವಾರಕ್ಕೆ ಎರಡು ಸಂಜೆ ಯೂನಿವರ್ಸಿಟಿಯಲ್ಲಿ ಪಾಠ. ಕಲಿಸುವವರು ಎಪ್ಪತ್ತು ದಾಟಿದ ಐಸ್‌ಲ್ಯಾಂಡಿನ ಹೆಂಗಸು, ಹೆಸರು ಸಿಗ್ರಿದುರ್. ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು, ಬರೀ ಪಿಸುಗುಟ್ಟುತ್ತಿದ್ದರು. ಮೊದಲ ದಿನವೇ ಬೋರ್ಡಿನ ಮೇಲೆ ಬರೆದರು: ನಾನು ವ್ಯಾಕರಣ ಕಲಿಸುತ್ತೇನೆ, ಉಚ್ಚಾರಣೆ ನನ್ನಿಂದ ಆಗದು. ಕ್ಲಾಸಿನಲ್ಲಿ ಉಳಿದ ಆರು ಜನಕ್ಕೆ ಅದರಿಂದ ತೊಂದರೆಯಿರಲಿಲ್ಲ. ಅವರೆಲ್ಲ ಆ ದೇಶದ ಹಳೆಯ ಕತೆಗಳನ್ನು ಓದಲು ಬಂದವರು, ಮಾತಾಡುವ ಗರಜು ಅವರಿಗಿರಲಿಲ್ಲ. ಇನ್ನೊಂದು ವಿಷಯವನ್ನೂ ಬರೆದರು: ನಮ್ಮಲ್ಲಿ ಮನೆತನದ ಹೆಸರಿಲ್ಲ, ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತೇವೆ, ನನ್ನನ್ನೂ ಸಿಗ್ಗಾ ಎನ್ನಿ. ನಾನು ಮುಂದಿನ ಕ್ಲಾಸಿನಿಂದಲೇ ಸಿಗ್ಗಾ ಎಂದೆ. ನಸೀಮಾ ಸತ್ತರೂ ಅನ್ನುತ್ತಿರಲಿಲ್ಲ. ಅವಳಿಗೆ ಅವರು ಮೇಡಂ. ಮೇಡಂ ಎದುರಿಗೆ ಕೈ ಎತ್ತಿ ಪ್ರಶ್ನೆ ಕೇಳುವುದು ಅವಳು ಕಲಿತ ಶಾಲೆಗಳಲ್ಲಿ ಇರಲಿಲ್ಲ. ಕ್ಲಾಸ್ ಮುಗಿದ ಮೇಲೆ ನನ್ನನ್ನು ಕೇಳುತ್ತಿದ್ದಳು.

ಮಕ್ಕಳಿಗೆ ಅಪ್ಪನ ಹೆಸರೋ ಅಮ್ಮನ ಹೆಸರೋ ಜೋಡಿಸಿ, ಇಂಥವರ ಮಗ, ಇಂಥವರ ಮಗಳು ಎನ್ನುತ್ತಾರೆಂದು ತಿಳಿದ ದಿನ ಕಾರಿನಲ್ಲಿ ಕೂತೊಡನೆ ಅವಳು, "ಅವ್ವನ ಹೆಸರೂ ಹಚ್ಚಬಹುದಂತ, ಹೌದಿಲ್ಲ?" ಎಂದಳು.

"ಹೂಂ ಕಣೆ, ಬೇಕಾದ್ರೆ ಹಾಕ್ಬಹುದು."

"ಹಂಗಾರ ನನ್ನ ಮಗಳು ಅಲ್ಲಿ ನಸೀಮಾನ ಮಗಳು."

ಮನೆಗೆ ಹೋಗಿ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದುಂಡಗೆ ಬರೆದಳು: ರೇಷ್ಮಾ ನಸೀಮುದೊತ್ತಿರ್. ಗದಗಿನ ಅಂಗನವಾಡಿಯ ಪಟ್ಟಿಯಲ್ಲಿ ಆ ಮಗುವಿನ ಹೆಸರಿನ ಮುಂದೆ ಅಜ್ಜನ ಹೆಸರಿತ್ತು.

ಆ ನೋಟ್‌ಬುಕ್ಕಿನ ಉಚ್ಚಾರಣೆಯೆಲ್ಲ ನನ್ನದು. ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿತದ್ದು ಹೇಗೆ? ಪಾಠದ ಸಾಲಿನ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಅಕ್ಷರ ಬರೆದುಕೊಂಡು, ಬಾಯಿಪಾಠ ಹೊಡೆದು. ಅದೇ ದಾರಿ ಹಿಡಿದೆವು. ಮೈಸೂರಿನಲ್ಲಿ ಡಿಗ್ರಿ ಮಾಡುವಾಗ ನಾನು ಆರು ತಿಂಗಳು ಜರ್ಮನ್ ಕಲಿತಿದ್ದೆ, ಐಸ್‌ಲ್ಯಾಂಡಿಕ್ ಅದರ ತಂಗಿಯೇ ಇರಬೇಕೆಂಬ ಜಂಬ. ಪುಸ್ತಕದ ಅಕ್ಷರ ನೋಡಿ, ತಿಳಿದಂತೆ ಕನ್ನಡದಲ್ಲಿ ಬರೆದುಕೊಟ್ಟೆ. ನನ್ನ ಹೆಸರು ನಸೀಮಾ ಅನ್ನುವುದಕ್ಕೆ 'ಎಗ್ ಹೈಟಿ ನಸೀಮಾ'. ನನಗೊಬ್ಬಳು ಮಗಳಿದ್ದಾಳೆ ಅನ್ನುವುದಕ್ಕೆ 'ಎಗ್ ಆ ಐನ ದೊತ್ತುರ್'. ಆಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅವಳು ಅದನ್ನು ತನ್ನ ಚಂದದ ಅಕ್ಷರದಲ್ಲಿ ನಕಲು ಮಾಡಿಕೊಂಡಳು, ಎಡಪುಟದಲ್ಲಿ ಮಾತ್ರ, ಬಲಪುಟ ಖಾಲಿ ಬಿಟ್ಟು. "ಛಲೋ ಬರದಿ ಪದ್ಮಾ. ನೀ ಇರಲಿಲ್ಲಂದ್ರ ನನ್ನ ಕತಿ ಮುಗಿದಿತ್ತು" ಎಂದಳು.

ನಾಲ್ಕನೇ ವಾರ ಸಿಗ್ಗಾ ನನ್ನನ್ನು ಕ್ಲಾಸಿನ ನಂತರ ನಿಲ್ಲಿಸಿಕೊಂಡರು. ನಸೀಮಾ ಆಗ ಕೆಳಗೆ ಹೋಗಿದ್ದಳು. ಒಂದು ಕ್ಯಾಸೆಟ್ ಕೊಟ್ಟು, ಇದು ನನ್ನ ದನಿ, ಗಂಟಲು ಚೆನ್ನಾಗಿದ್ದಾಗ ರೆಕಾರ್ಡ್ ಮಾಡಿದ್ದು, ಪುಸ್ತಕದ ಪಾಠಗಳೆಲ್ಲ ಇವೆ, ನೀವಿಬ್ಬರೂ ಒಂದೊಂದು ಕಾಪಿ ಮಾಡಿಕೊಂಡು ವಾಪಸ್ ಕೊಡಿ ಎಂದು ಪಿಸುಗುಟ್ಟಿದರು. ಅಣ್ಣನ ಮನೆಯಲ್ಲಿ ಎರಡು ಕ್ಯಾಸೆಟ್ ಹಾಕುವ ಡೆಕ್ ಇತ್ತು.

ಶನಿವಾರ ಒಬ್ಬಳೇ ಕೂತು ಕೇಳಿದೆ. ಮೊದಲ ವಾಕ್ಯಕ್ಕೇ ನನ್ನ ಜಂಬ ಇಳಿಯಿತು. ನಾನು ಬರೆದದ್ದರಲ್ಲಿ ನೂರಕ್ಕೆ ಎಪ್ಪತ್ತು ತಪ್ಪು. ನಾನು 'ಎಗ್' ಎಂದದ್ದು ಅಲ್ಲಿ 'ಯೆಗ್'. 'ಆ' ಎಂದದ್ದು 'ಔ'. ನಾನು ಹ್ವ ಎಂದು ಬರೆದ ಕಡೆಯೆಲ್ಲ ಅವರದು ಕ್ವ. ಎರಡು ಲ ಬಂದರೆ ಲ್ಲ ಅಲ್ಲ, ನಾಲಿಗೆ ಮೇಲೆ ಹಚ್ಚಿ ಬಿಟ್ಟ ಹಾಗೆ ಟ್ಲ. ತ್ತ, ಕ್ಕ, ಪ್ಪ ಬರುವ ಮುಂಚೆ ಸಣ್ಣದೊಂದು ಉಸಿರು: ಅವರ ಮಗಳು ದೊತ್ತಿರ್ ಅಲ್ಲ, ದೋಹ್ತಿರ್. ಸಿಗ್ಗಾರ ಹಳೆಯ ದನಿ ಎಷ್ಟು ತುಂಬಿತ್ತೆಂದರೆ ನಾನು ಕ್ಯಾಸೆಟ್ ತಿರುಗಿಸಿ ತಿರುಗಿಸಿ ಕೇಳಿದೆ. ನನ್ನ ನೋಟ್‌ಬುಕ್ಕನ್ನು ಪೂರ್ತಿ ಹೊಸದಾಗಿ ಬರೆದುಕೊಂಡೆ. ಸೋಮವಾರ ನಸೀಮಾಳಿಗೆ ಹೇಳೋಣ ಎಂದುಕೊಂಡು ಅವಳಿಗೊಂದು ಕಾಪಿಯನ್ನೂ ಮಾಡಿದೆ. ದೇವರಾಣೆ, ಮಾಡಿದೆ. ಅದು ಕಾರಿನ ಗ್ಲವ್ ಬಾಕ್ಸಿನಲ್ಲಿ, ಅವಳ ಮೊಣಕಾಲಿನ ಮುಂದೆ, ಐದು ತಿಂಗಳು ಇತ್ತು.

ಸೋಮವಾರ ಏಕೆ ಹೇಳಲಿಲ್ಲ? ಅವತ್ತು ಸಂಜೆ ವ್ಯಾಕರಣದ ಟೆಸ್ಟ್ ಪೇಪರ್ ವಾಪಸ್ ಕೊಟ್ಟರು. ಐಸ್‌ಲ್ಯಾಂಡಿಕ್‌ನಲ್ಲಿ ನಾಮಪದಕ್ಕೆ ಮೂರು ಲಿಂಗ, ನಾಲ್ಕು ವಿಭಕ್ತಿ. ಜನರ ಹೆಸರೂ ವಿಭಕ್ತಿಗೆ ತಕ್ಕಂತೆ ಬದಲಾಗುತ್ತದೆ. ಅಮೆರಿಕದ ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರು. ನಸೀಮಾಳ ಅಪ್ಪ ಗದಗಿನ ಕನ್ನಡ ಶಾಲೆಯ ಮಾಸ್ತರು, ಮಗಳಿಗೆ ವಿಭಕ್ತಿ ಪ್ರತ್ಯಯಗಳನ್ನು ಮಗ್ಗಿಯ ಹಾಗೆ ಕಲಿಸಿದ್ದರು. "ನಮ್ಮಪ್ಪ ಏಳು ಕಲಿಸ್ಯಾರ, ಇವರದು ನಾಕ ಅದಾವ. ಉಳಿದ ಮೂರು ಸೂಟಿ!" ಎಂದು ನಗುತ್ತಿದ್ದಳು. ಟೆಸ್ಟಿನಲ್ಲಿ ಅವಳಿಗೆ ಪೂರ್ತಿ ಅಂಕ. ನನಗೆ ಎಂಟು ಕಡಿಮೆ. ಸಿಗ್ಗಾ ಅವಳ ಪೇಪರನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು, ನನ್ನದನ್ನು ಮಡಿಚಿ ಕೊಟ್ಟರು.

ಚಿಕ್ಕಂದಿನಿಂದ ನನಗೆ ಎರಡನೆಯವಳಾಗಿ ಗೊತ್ತಿಲ್ಲ. ಅದೂ ಇವಳಿಗಿಂತ, ನನ್ನ ಕಾರಿನಲ್ಲಿ ಬಂದು ನನ್ನ ಬರವಣಿಗೆ ಓದುವವಳಿಗಿಂತ. ಮನೆಗೆ ಹೋಗುವ ದಾರಿಯಲ್ಲಿ ನಸೀಮಾ ಖುಷಿಯಿಂದ ನೋಟ್‌ಬುಕ್ ಮುಚ್ಚಿ ಮೂರು ಪಾಠ ಒಪ್ಪಿಸಿದಳು, ಒಂದು ಉಸಿರಿನಲ್ಲಿ. ಎಲ್ಲ ತಪ್ಪು. ತಡವರಿಸದ, ಗಟ್ಟಿಯಾದ ತಪ್ಪು.

"ಹೆಂಗ ಐತಿ?" ಎಂದಳು.

"ಚೆನ್ನಾಗಿದೆ ಕಣೆ. ಹೀಗೇ ಗಟ್ಟಿ ಮಾಡು" ಎಂದೆ.

ಹೊಟ್ಟೆಕಿಚ್ಚಿನಲ್ಲಿ ಬಾಯಿ ತಪ್ಪಿ ಬಂದ ಮಾತು ಎನ್ನಬಹುದಿತ್ತು, ಅದೊಂದೇ ದಿನವಾಗಿದ್ದರೆ. ಮಾರನೇ ದಿನ ಹೇಳಬಹುದಿತ್ತು. ಆ ಚಳಿಗಾಲದಲ್ಲಿ ಎಷ್ಟು ಮಾರನೇ ದಿನಗಳಿದ್ದವು! ಹಿಮ ಬಿದ್ದು ಹೈವೇಯಲ್ಲಿ ಕಾರುಗಳು ಆಮೆಯ ಹಾಗೆ ಸಾಗುವಾಗ, ವೈಪರ್ ಗರಗರ ಎನ್ನುವಾಗ, ಅವಳು ಸುಲಿದ ಕಿತ್ತಳೆಯ ಅರ್ಧ ನನ್ನ ಕೈಗೆ ಕೊಟ್ಟು ಪಾಠ ಒಪ್ಪಿಸುತ್ತಿದ್ದಳು. ನಾನು ತಿನ್ನುತ್ತಾ ಕೇಳುತ್ತಿದ್ದೆ. ಹೊಸ ಪಾಠ ಬಂದಾಗ ಪ್ರತಿ ವಾರ ಬರೆದುಕೊಟ್ಟೆ ಕೂಡ. ಈಗ ನನಗೆ ಸರಿಯಾದದ್ದು ಗೊತ್ತಿತ್ತು. ಹಳೆಯದಕ್ಕೆ ಹೊಂದಬೇಕಲ್ಲ ಎಂದು ಲೆಕ್ಕ ಹಾಕಿ ತಪ್ಪು ಬರೆದೆ. ನಂಬಿದವರ ಕುತ್ತಿಗೆ ಕೊಯ್ಯುವುದು ಅನ್ನುತ್ತಾರೆ. ಕತ್ತಿಯೇನೂ ಬೇಕಾಗುವುದಿಲ್ಲ, ಒಂದು ಪೆನ್ಸಿಲ್ ಸಾಕು.

ಫೆಬ್ರವರಿಯ ಒಂದು ಭಾನುವಾರ ನಾನು ಅವಳ ಬೇಸ್‌ಮೆಂಟಿಗೆ ಹೋಗಿದ್ದೆ. ಮಗಳ ಜೊತೆ ಫೋನಿನಲ್ಲಿದ್ದಳು. ನನ್ನನ್ನು ಕಂಡು ಸ್ಪೀಕರ್ ಒತ್ತಿದಳು. "ರೇಷ್ಮಾ, ಆಂಟಿ ಬಂದಾರ. ಹೇಳವಾ ಹೇಳು."

ಎಂಟು ಸಾವಿರ ಮೈಲಿ ಆಚೆಯಿಂದ ಕೀಚಲು ದನಿ ಬಂತು. "ಎಗ್ ಹೈಟಿ ರೇಷ್ಮಾ ನಸೀಮುದೊತ್ತಿರ್!"

"ಇನ್ನೊಂದ್ ಸಲ" ಎಂದಳು ತಾಯಿ, ಕಣ್ಣೊರೆಸಿಕೊಂಡು. ಮಗು ಇನ್ನೊಂದು ಸಲ ಹೇಳಿತು. ನಾನು ಜೋರಾಗಿ, "ವೆರಿ ಗುಡ್ ಪುಟ್ಟಾ!" ಎಂದೆ.

ಏಪ್ರಿಲ್‌ನಲ್ಲಿ ಹಿಮ ಕರಗಿ ಎಲ್ಲೆಲ್ಲೂ ಕೆಸರಾಗಿತ್ತು. ಪರೀಕ್ಷೆಗೆ ಆಸ್ಪತ್ರೆಯ ಒಂದು ಸಣ್ಣ ಕೋಣೆ. ಒಳಗೆ ಇಬ್ಬರು ಡಾಕ್ಟರುಗಳು, ಪಕ್ಕದಲ್ಲಿ ಸಿಗ್ಗಾ. ನಸೀಮಾಳ ಸರದಿ ಮೊದಲು. ಹಸಿರು ಸಲ್ವಾರ್ ಹಾಕಿ, ಕೈಗೆ ಗಡಿಯಾರ ಕಟ್ಟಿ ಬಂದಿದ್ದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಹೊರಗಿನ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ.

ಅವಳು ಶುರು ಮಾಡಿದಳು. ಹೆಸರು, ಊರು, ಕೆಲಸ, ಮಗಳು, ಮಗಳ ವಯಸ್ಸು. ಎಲ್ಲೂ ನಿಲ್ಲಲಿಲ್ಲ. ಮುಗಿದ ಮೇಲೆ ಒಬ್ಬ ಡಾಕ್ಟರ್ ನಕ್ಕ. ತಕ್ಷಣ ಕ್ಷಮೆ ಕೇಳಿದ. ಇಂಗ್ಲಿಷಿನಲ್ಲಿ, ಇನ್ನೊಮ್ಮೆ ಹೇಳುತ್ತೀರಾ ಎಂದ. ತನ್ನ ದನಿ ಸಣ್ಣದಾಯಿತೇನೋ ಎಂದುಕೊಂಡು ನಸೀಮಾ ಮೊದಲಿನಿಂದ, ಇನ್ನೂ ಗಟ್ಟಿಯಾಗಿ ಹೇಳಿದಳು. ಈ ಸಲ ಇಬ್ಬರೂ ನಕ್ಕರು, ತಡೆಯಲಾರದೆ. ನಂತರ ಅವರು ನಿಧಾನವಾಗಿ ಏನೋ ಕೇಳಿದರು: ನಿಮ್ಮ ಮಗಳು ಎಲ್ಲಿದ್ದಾಳೆ? ಎರಡನೇ ಪಾಠದ ಪ್ರಶ್ನೆ. ಅವಳಿಗೆ ಅದರ ಉತ್ತರ ನಾಲ್ಕು ವಿಭಕ್ತಿಯಲ್ಲೂ ಗೊತ್ತಿತ್ತು. ಆದರೆ ಆ ಪ್ರಶ್ನೆಯನ್ನು ಅವಳು ಜೀವನದಲ್ಲಿ ಒಮ್ಮೆಯೂ ಕಿವಿಯಿಂದ ಕೇಳಿರಲಿಲ್ಲ. ಮತ್ತೆ ಕೇಳಿದರು. ಅವಳು ಉತ್ತರದ ಬದಲು ಹೆಸರಿನಿಂದಲೇ ಮತ್ತೆ ಶುರು ಮಾಡಿದಳು.

ಹೊರಗೆ ಬಂದಳು. "ಏನ್ ಅಂದ್ರೋ ತಿಳೀಲಿಲ್ಲ ಪದ್ಮಾ. ಯಾಕ ನಕ್ಕರು?" ಎಂದು ಕೇಳಿದಳು. ನಾನು ಅವಳ ಭುಜ ತಟ್ಟಿ ಒಳಗೆ ಹೋದೆ. ಹತ್ತು ನಿಮಿಷ ಮಾತಾಡಿದೆ. ಡಾಕ್ಟರುಗಳು ತಲೆದೂಗಿದರು. ಸಿಗ್ಗಾ ಮಾತ್ರ ನನ್ನ ಬಾಯನ್ನೇ ನೋಡುತ್ತಿದ್ದರು. ಅದು ಅವರದೇ ದನಿ, ಅವರದೇ ಏರಿಳಿತ.

ಕೆಲಸ ನನಗಾಯಿತು. ಸುದ್ದಿ ಕೇಳಿ ನಸೀಮಾ ನನ್ನನ್ನು ಅಪ್ಪಿಕೊಂಡಳು. ಮೇ ತಿಂಗಳಿಡೀ ಅವಳು ಸಂಜೆ ನನ್ನ ಜೊತೆ ಬರಲಿಲ್ಲ. ಆನ್ ಆರ್ಬರ್‌ನಲ್ಲೇ ಏನೋ ಕೆಲಸವಿದೆ, ಯಾರೋ ಬಿಡುತ್ತಾರೆ ಎನ್ನುತ್ತಿದ್ದಳು. ನಾನು ಕೇಳಲಿಲ್ಲ. ಅವಳಿಲ್ಲದ ಕಾರಿನಲ್ಲಿ ಆರಾಮವಾಗಿತ್ತು. ಸುಳ್ಳೇಕೆ ಹೇಳಲಿ, ಹಾಡು ಹಾಕಿಕೊಂಡು ಬರುತ್ತಿದ್ದೆ.

ಜೂನ್‌ನಲ್ಲಿ ಡೆಟ್ರಾಯ್ಟ್ ಏರ್‌ಪೋರ್ಟಿಗೆ ನಾನೇ ಬಿಟ್ಟೆ. ಹೊರಗೆ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಒಳಗೆ ಹೋಗುವ ಮುಂಚೆ ಅವಳು ಬ್ಯಾಗಿನಿಂದ ಆ ನೋಟ್‌ಬುಕ್ ತೆಗೆದು ಕೊಟ್ಟಳು.

"ಇದು ನನಗೇನ್ ಮಾಡೋದೈತಿ? ನಿನಗ ಅಲ್ಲಿ ಬೇಕಾಗ್ತದ. ಇಟ್ಕೋ."

"ರೇಷ್ಮಾನ ಕರ್ಕೊಂಡ್ಬಿಡು ಕಣೆ, ಹೇಗಾದ್ರೂ" ಎಂದೆ, ಅಷ್ಟಕ್ಕೂ ನಾಚಿಕೆಯಿಲ್ಲದೆ.

"ಕೊಡಂಗಿಲ್ಲ ಅವರು. ಹಬ್ಬಕ್ಕ ಕಳಸ್ತೀವಿ ಅಂದಾರ, ಎರಡು ದಿನ" ಎಂದಳು. ಆಮೇಲೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಬರ್ತೀನಿ, ಪದ್ಮಾ." ತಿರುಗಿ ನೋಡದೆ ಹೋದಳು.

ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ನೋಟ್‌ಬುಕ್ ತೆರೆದೆ. ಎಡಪುಟಗಳಲ್ಲಿ ನಾನು ಬರೆದುಕೊಟ್ಟದ್ದು. ಖಾಲಿಯಿದ್ದ ಬಲಪುಟಗಳಲ್ಲಿ, ಕೆಂಪು ಶಾಯಿಯಲ್ಲಿ, ಅದೇ ದುಂಡು ಅಕ್ಷರ. ಒಂದೊಂದು ಪದವನ್ನೂ ತಿದ್ದಿದ್ದಳು. ಯೆಗ್. ಔ. ಕ್ವ. ಟ್ಲ. ಎಲ್ಲೆಲ್ಲಿ ಉಸಿರು ಬೇಕೋ ಅಲ್ಲೆಲ್ಲ ಒಂದು ಸಣ್ಣ ಹ್. ತೊಂಬತ್ತಾರು ಪುಟ. ನಾನು ನನಗಾಗಿ ಮಾಡಿಕೊಂಡದ್ದಕ್ಕಿಂತ ಚೊಕ್ಕವಾಗಿತ್ತು. ನನ್ನ ಕಿವಿಗೆ ಬೀಳದೆ ಹೋದದ್ದು ಕೂಡ ಅವಳ ಕಿವಿಗೆ ಬಿದ್ದಿತ್ತು. ಮೊದಲ ಪುಟದ ಹೆಸರನ್ನೂ ಬಿಟ್ಟಿರಲಿಲ್ಲ. ದೊತ್ತಿರ್ ಹೊಡೆದು ದೋಹ್ತಿರ್ ಮಾಡಿದ್ದಳು. ಆ ಹೆಸರು ಇನ್ನು ಯಾರಿಗೂ ಬೇಕಿರಲಿಲ್ಲ, ಆದರೂ ಸರಿಪಡಿಸಿದ್ದಳು.

ಕೊನೆಯ ಪುಟದಲ್ಲಿ ನಾಲ್ಕು ಸಾಲು. "ಪದ್ಮಾ, ಮೇಡಂ ಅವರ ಮನೆಗೆ ಹೋಗಿ ಕ್ಯಾಸೆಟ್ ಕೇಳಿ ತಿದ್ದಿದ್ದೇನೆ. ನಮ್ಮಿಬ್ಬರಿಗೂ ಕಾಪಿ ಮಾಡಿಕೊಳ್ಳಲೆಂದು ಇದನ್ನು ನವೆಂಬರಿನಲ್ಲೇ ನಿನ್ನ ಕೈಗೆ ಕೊಟ್ಟಿದ್ದಾಗಿ ಅವರು ಹೇಳಿದರು. ನಿನಗೆ ಕೇಳಲು ಪುರುಸೊತ್ತು ಆಗಿರಲಿಕ್ಕಿಲ್ಲ. ಅಲ್ಲಿ ನಿನ್ನನ್ನು ನೋಡಿ ಯಾರೂ ನಗದಿರಲಿ."

ಗ್ಲವ್ ಬಾಕ್ಸ್ ತೆರೆದೆ. ಅವಳಿಗೆಂದು ಮಾಡಿದ ಕಾಪಿ ಅಲ್ಲಿರಲಿಲ್ಲ. ಅದಿದ್ದ ಜಾಗದಲ್ಲಿ ಒಣಗಿ ಕಪ್ಪಾದ ಒಂದು ಕಿತ್ತಳೆ ಸಿಪ್ಪೆ ಇತ್ತು.

ಸೆಪ್ಟೆಂಬರ್‌ನಲ್ಲಿ ಐಸ್‌ಲ್ಯಾಂಡಿಗೆ ಹೋದೆ. ಆ ಕೆಂಪು ಅಕ್ಷರಗಳನ್ನು ಓದಿಕೊಂಡೇ ಹೋದೆ, ಅವು ನನ್ನ ನೋಟ್‌ಬುಕ್ಕಿಗಿಂತ ಸರಿಯಾಗಿದ್ದವು. ನಾನು ಕಂಡ ಮೊದಲ ರೋಗಿ ಸಮುದ್ರದ ದಡದ ಹಳ್ಳಿಯ ಒಬ್ಬ ಅಜ್ಜಿ. ಅರ್ಧ ಗಂಟೆ ಮಾತಾಡಿದ ಮೇಲೆ ಆಕೆ ನನ್ನ ಕೈ ಹಿಡಿದು, ಹೊರಗಿನವರ ಬಾಯಲ್ಲಿ ನಮ್ಮ ಮಾತು ಇಷ್ಟು ಶುದ್ಧವಾಗಿ ಕೇಳಿಯೇ ಇಲ್ಲ, ನಿನಗೆ ಯಾರು ಕಲಿಸಿದರು ಎಂದು ಕೇಳಿದಳು.

ಹೇಳಬೇಕಾದ ಹೆಸರು ಒಂದೇ ಇತ್ತು. ಅದನ್ನು ಹೇಳುವ ವಿಭಕ್ತಿಯೂ ನನಗೆ ಗೊತ್ತಿತ್ತು.

"ಕ್ಯಾಸೆಟ್ ಕೇಳಿ ನಾನೇ ಕಲಿತೆ" ಎಂದೆ.